ಟ್ಯಾಂಕಲ್ಲೂ ಟಿ4, ಕಣ್ಣಲ್ಲೂ ಟಿ4: ಹಾಗಾದ್ರೆ ತಪ್ಪು ಟ್ಯಾಂಕಿನದೇನಾ?

ಪ್ರಶ್ನೆ: ಮೇಡಂ, ನಾವು ಬನಶಂಕರಿ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಇದ್ದೇವೆ. ನನ್ನ ಮಗಳು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಾಳೆ. ಈಚೆಗೆ ಅವಳ ಎಡಗಣ್ಣಿಗೆ ಸೋಂಕಾಗಿ, ಟೆಸ್ಟ್ ಮಾಡಿಸಿದಾಗ ‘ಅಕಾಂತಮೀಬಾ, ಜೀನೋಟೈಪ್ ಟಿ4’ ಅಂತ ರಿಪೋರ್ಟ್ ಬಂತು. ಚಿಕಿತ್ಸೆ ನಡೆಯುತ್ತಿದೆ. ಅನುಮಾನ ಬಂದು ನಮ್ಮ ಓವರ್‌ಹೆಡ್ ಟ್ಯಾಂಕಿನ ನೀರನ್ನೂ ಒಂದು ಲ್ಯಾಬಿಗೆ ಕೊಟ್ಟೆವು. ಅದರಲ್ಲಿ ‘ಅಕಾಂತಮೀಬಾ ಟಿ4, ನೇಗ್ಲೇರಿಯಾ ಎಸ್‌ಪಿ’ ಅಂತ ಬಂದಿದೆ. ಎರಡೂ ಕಡೆ ಟಿ4 ಇದೆ ಅಂದ್ಮೇಲೆ ಟ್ಯಾಂಕಿನಿಂದಲೇ ಬಂತು ಅಂತ ಸಾಬೀತಾಯಿತಲ್ವಾ? ಅಸೋಸಿಯೇಷನ್‌ನವರು ಒಪ್ಪುತ್ತಿಲ್ಲ. ಮೇಲಾಗಿ ನೇಗ್ಲೇರಿಯಾ ಅಂದರೆ ಕೇರಳದಲ್ಲಿ ಸುದ್ದಿಯಾದ ಮೆದುಳು ತಿನ್ನುವ ಅಮೀಬಾ ಅಂತೆ. ಮನೆ ಖಾಲಿ ಮಾಡಬೇಕಾ?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಮನೆ ಖಾಲಿ ಮಾಡಬೇಡಿ. ಸೋಂಕು ಟ್ಯಾಂಕಿನಿಂದ ಬಂದಿರಲೂಬಹುದು. ಆದರೆ ನಿಮ್ಮ ಕೈಯಲ್ಲಿರುವ ಎರಡು ರಿಪೋರ್ಟ್ ಅದನ್ನು ಸಾಬೀತು ಮಾಡುವುದಿಲ್ಲ. ಟಿ4 ಅಂದರೆ ಅಕಾಂತಮೀಬಾ ಎಂಬ ಅಮೀಬಾದ ಒಂದು ಜೀನೋಟೈಪ್, ಡಿಎನ್‌ಎ ನೋಡಿ ಮಾಡಿದ ಗುಂಪು. ಎರಡೂ ಕಡೆ ಅದೇ ಬಂದಿದ್ದು ನನಗೆ ಚೂರೂ ಆಶ್ಚರ್ಯ ತರಲಿಲ್ಲ. ಬರದೇ ಹೋಗಿದ್ದರೆ ಒಂದು ಕ್ಷಣ ಯೋಚಿಸುತ್ತಿದ್ದೆ.

ಯಾಕೆ ಅಂತ ತಿಳಿಯಬೇಕಾದರೆ, ಲ್ಯಾಬಿನವರು ನಿಮ್ಮ ನೀರನ್ನು ಏನು ಮಾಡಿದರು ಅನ್ನುವಲ್ಲಿಂದ ಶುರು ಮಾಡಬೇಕು. ಸಾಮಾನ್ಯವಾಗಿ ಅರ್ಧ ಲೀಟರೋ ಒಂದು ಲೀಟರೋ ನೀರನ್ನು ತುಂಬಾ ಸಣ್ಣ ರಂಧ್ರಗಳ ಫಿಲ್ಟರಿನಲ್ಲಿ ಸೋಸುತ್ತೇವೆ. ಆ ಫಿಲ್ಟರನ್ನು ಅಗಾರ್ ಪ್ಲೇಟಿನ ಮೇಲೆ ಬೋರಲು ಹಾಕುತ್ತೇವೆ. ಈ ಅಗಾರ್‌ನಲ್ಲಿ ಪೋಷಕಾಂಶ ಏನೂ ಇರುವುದಿಲ್ಲ. ಬದಲಿಗೆ ಮೇಲೆ ಈ. ಕೋಲೈ ಬ್ಯಾಕ್ಟೀರಿಯಾವನ್ನು ತೆಳ್ಳಗೆ ಸವರಿರುತ್ತೇವೆ. ಅಮೀಬಾಗಳಿಗೆ ಅದೇ ಊಟ. ಪ್ಲೇಟಿನ ಅಂಚಿಗೆ ಟೇಪ್ ಸುತ್ತಿ ಬೆಚ್ಚಗಿಟ್ಟು, ದಿನಾ ಒಮ್ಮೆ ಮೈಕ್ರೋಸ್ಕೋಪಿನ ಕೆಳಗೆ ನೋಡುತ್ತಾ ಹೋಗುವುದು.

ಎರಡು ಮೂರು ದಿನಕ್ಕೆ ಫಿಲ್ಟರಿನ ಅಂಚಿನಿಂದ ಹೊರಗೆ ಅಂಕುಡೊಂಕು ದಾರಿಗಳು ಕಾಣುತ್ತವೆ. ಬ್ಯಾಕ್ಟೀರಿಯಾವನ್ನು ತಿನ್ನುತ್ತಾ ಹೋದ ಜಾಡು ಅದು. ಜಾಡಿನ ತುದಿಯಲ್ಲಿ ಪ್ರಾಣಿ ಸಿಗುತ್ತದೆ. ಅಕಾಂತಮೀಬಾ ಆದರೆ ಮೈತುಂಬಾ ಸಣ್ಣ ಮುಳ್ಳಿನಂಥ ಚಾಚುಗಳು. ನಿಧಾನದ ಪ್ರಾಣಿ. ಒಳಗೊಂದು ನೀರಿನ ಗುಳ್ಳೆ ಉಬ್ಬುತ್ತದೆ, ಪಟ್ಟನೆ ಖಾಲಿಯಾಗುತ್ತದೆ, ಮತ್ತೆ ಉಬ್ಬುತ್ತದೆ. ಹೊಸ ಹುಡುಗರು ಲ್ಯಾಬಿಗೆ ಸೇರಿದಾಗ ಇದನ್ನೇ ಗಂಟೆಗಟ್ಟಲೆ ನೋಡುತ್ತಾ ಕೂತಿರುತ್ತಾರೆ. ನಾನೂ ಕೂತಿದ್ದೆ. ಊಟ ಮುಗಿದಾಗ ಅದು ಎರಡು ಪದರದ ಗೋಡೆ ಕಟ್ಟಿಕೊಂಡು ಸಿಸ್ಟ್ ಆಗುತ್ತದೆ. ಹೊರಗೋಡೆ ಸುಕ್ಕುಸುಕ್ಕು, ಒಳಗೋಡೆ ನಕ್ಷತ್ರದ ಹಾಗೆ ಮೂಲೆ ಮೂಲೆ. ಒಮ್ಮೆ ನೋಡಿದರೆ ಮರೆಯುವ ಆಕಾರ ಅಲ್ಲ.

ನೇಗ್ಲೇರಿಯಾ ಬೇರೆ ಥರ. ಮೊಂಡಾದ ಒಂದೇ ಕಾಲು ಮುಂದೆ ಚಾಚಿ ಸರಸರ ಹೋಗುತ್ತದೆ. ಸಿಸ್ಟ್ ಗುಂಡಗೆ, ನುಣ್ಣಗೆ. ಒಂದು ಹನಿ ಡಿಸ್ಟಿಲ್ಡ್ ವಾಟರಿಗೆ ಹಾಕಿ ಒಂದೆರಡು ಗಂಟೆ ಬಿಟ್ಟರೆ, ಕೆಲವು ಉದ್ದುದ್ದ ಆಗಿ, ಎರಡು ಬಾಲದಂಥ ಕಶಾಂಗ ಬೆಳೆಸಿಕೊಂಡು ಈಜತೊಡಗುತ್ತವೆ. ಅಕಾಂತಮೀಬಾ ಈ ವೇಷ ಹಾಕುವುದಿಲ್ಲ.

ಇಲ್ಲಿಯವರೆಗೆ ಕಣ್ಣಿಗೆ ಕಂಡದ್ದು. ಒಂದು ಕಾಲದಲ್ಲಿ ಹೆಸರಿಡುವುದೂ ಇಷ್ಟರ ಮೇಲೇ ನಡೆಯುತ್ತಿತ್ತು. 1977ರಲ್ಲಿ ಪುಸಾರ್ ಮತ್ತು ಪೋನ್ಸ್ ಎಂಬಿಬ್ಬರು ಸಿಸ್ಟಿನ ಗಾತ್ರ, ಆಕಾರ ನೋಡಿ ಅಕಾಂತಮೀಬಾವನ್ನು ಮೂರು ಗುಂಪು ಮಾಡಿದ್ದರು. ತೊಂದರೆ ಏನೆಂದರೆ, ಒಂದೇ ಅಮೀಬಾ ಬೇರೆ ಮಾಧ್ಯಮದಲ್ಲಿ ಬೆಳೆಸಿದರೆ ಬೇರೆ ಥರದ ಸಿಸ್ಟ್ ಕಟ್ಟುತ್ತದೆ. ಕ್ಯಾಸ್ಟೆಲಾನಿ, ಪಾಲಿಫಾಗ ಅಂತೆಲ್ಲ ಹೆಸರು ಹೊತ್ತ ಎಷ್ಟೋ ಸಂಗ್ರಹಗಳು ಡಿಎನ್‌ಎ ನೋಡಿದಾಗ ಬೇರೆ ಬೇರೆ ಕಡೆ ಚದುರಿಹೋದವು. ಹಳೆಯ ಲೇಖನಗಳಲ್ಲಿ ಈ ಪ್ರಭೇದದ ಹೆಸರುಗಳನ್ನು ಓದುವಾಗ ನಾನಂತೂ ಪೂರ್ತಿ ನಂಬುವುದಿಲ್ಲ.

ಅದಕ್ಕೇ ಜೀನೋಟೈಪ್ ಬಂತು. ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯ ತಂಡ 1996ರಲ್ಲಿ 18ಎಸ್ ಎನ್ನುವ ಜೀನ್ ಓದಿ ನಾಲ್ಕು ಗುಂಪು ಹೇಳಿತು: ಟಿ1ರಿಂದ ಟಿ4. 1998ಕ್ಕೆ ಅದು ಟಿ12ರವರೆಗೆ ಬೆಳೆಯಿತು. ಈಗ 20 ದಾಟಿದೆ. ಈ 18ಎಸ್ ಜೀನನ್ನು ಹಿಡಿದುಕೊಂಡಿದ್ದಕ್ಕೆ ಕಾರಣ ಸರಳ. ಪ್ರೋಟೀನ್ ತಯಾರಿಸುವ ರೈಬೋಸೋಮಿಗೆ ಬೇಕಾದ ಜೀನ್ ಅದು, ಎಲ್ಲ ಅಮೀಬಾಗಳಲ್ಲೂ ಇರುತ್ತದೆ, ಒಂದೊಂದು ಕೋಶದಲ್ಲೂ ನೂರಾರು ಪ್ರತಿ ಇರುತ್ತದೆ. ಹಾಗಾಗಿ ಕಣ್ಣಿಂದ ಕೆರೆದು ತೆಗೆದ ಚೂರೇ ಚೂರು ಸ್ಯಾಂಪಲ್ಲಿನಲ್ಲೂ ಪಿಸಿಆರ್ ಹಿಡಿಯಬಲ್ಲದು.

ಈಗ ನಿಮ್ಮ ಪ್ರಶ್ನೆಯ ಹೃದಯಕ್ಕೆ ಬರೋಣ. ಒಂದು ಟಿ ನಂಬರಿಗೂ ಇನ್ನೊಂದಕ್ಕೂ ನಡುವೆ ಎಷ್ಟು ವ್ಯತ್ಯಾಸ ಇರಬೇಕು? ಮೊದಲಿಗೆ ಹಾಕಿಕೊಂಡ ನಿಯಮ 5%. ಅಕಾಂತಮೀಬಾದ 18ಎಸ್ ಜೀನಿನಲ್ಲಿ ಸುಮಾರು 2,300 ಅಕ್ಷರಗಳಿವೆ. ಅಂದರೆ ನೂರಕ್ಕೂ ಹೆಚ್ಚು ಅಕ್ಷರ ಬೇರೆ ಇದ್ದರೂ ಎರಡು ಅಮೀಬಾಗಳು ಒಂದೇ ಟಿ ನಂಬರಿನ ಒಳಗೆ ಇರಬಹುದು. ಇದು ಎಷ್ಟು ದೊಡ್ಡ ಅಂತರ ಅಂತ ಗೊತ್ತಾಗಬೇಕಾದರೆ ಇದನ್ನು ಕೇಳಿ: ಇದೇ ಜೀನಿನಲ್ಲಿ ಮನುಷ್ಯನಿಗೂ ಇಲಿಗೂ ಇರುವ ವ್ಯತ್ಯಾಸ 5%ಗಿಂತ ಎಷ್ಟೋ ಕಡಿಮೆ. ಅಮೀಬಾ ತಜ್ಞರ ಲೆಕ್ಕದಲ್ಲಿ ನಾವು, ಇಲಿ ಇಬ್ಬರೂ ಒಂದೇ ಟಿ!

ನಿಮ್ಮ ಎರಡು ರಿಪೋರ್ಟ್‌ಗಳಲ್ಲಿ ಇರುವುದು ಇಷ್ಟೇ. ಅಪಘಾತ ಮಾಡಿ ಓಡಿಹೋದ ಗಾಡಿಯ ನಂಬರಿನಲ್ಲಿ ‘ಕೆಎ 05’ ಮಾತ್ರ ಕಂಡಿದೆ, ನಿಮ್ಮ ಬೇಸ್‌ಮೆಂಟಿನಲ್ಲೂ ಒಂದು ‘ಕೆಎ 05’ ನಿಂತಿದೆ. ಜಯನಗರ ಆರ್‌ಟಿಒ ವ್ಯಾಪ್ತಿಯಲ್ಲಿ ಅದು ಎಲ್ಲಿ ನೋಡಿದರೂ ಸಿಗುತ್ತದೆ. ಉಳಿದ ಅಕ್ಷರ, ಅಂಕಿ ಗೊತ್ತಿಲ್ಲದೆ ಯಾರ ಮೇಲೂ ಕೇಸ್ ಹಾಕೋಕಾಗಲ್ಲ.

ಇನ್ನೂ ಒಂದು ಮಾತಿದೆ. ಬಹಳ ಲ್ಯಾಬುಗಳು 2,300 ಅಕ್ಷರವನ್ನೂ ಓದುವುದಿಲ್ಲ. ಜೆಡಿಪಿ1, ಜೆಡಿಪಿ2 ಎಂಬ ಪ್ರೈಮರ್ ಜೋಡಿ (ಓದಬೇಕಾದ ತುಂಡಿನ ಎರಡು ತುದಿ ಹಿಡಿಯುವ ಸಣ್ಣ ಡಿಎನ್‌ಎ ಚೂರುಗಳು) ಹಾಕಿ ಜೀನಿನ ಸುಮಾರು 450 ಅಕ್ಷರದ ಒಂದು ತುಂಡನ್ನು ಮಾತ್ರ ಓದುತ್ತಾರೆ. ಟಿ ನಂಬರ್ ಹೇಳಲು ಅಷ್ಟು ಸಾಕು. ಮೂಲ ಪತ್ತೆ ಮಾಡಲು ಸಾಲದು. ಟಿ4 ಒಳಗೇ ಎ, ಬಿ, ಸಿ ಅಂತ ಎಚ್‌ವರೆಗೆ ಉಪಗುಂಪುಗಳಿವೆ. ನಿಮ್ಮ ರಿಪೋರ್ಟಿನಲ್ಲಿ ಅದರ ಸುದ್ದಿಯೇ ಇಲ್ಲ.

ಹಾಗಾದರೆ ಟಿ4 ಇಷ್ಟೊಂದು ಎಲ್ಲಿಂದ? ಮಣ್ಣು, ಧೂಳು, ಕೆರೆ, ನಲ್ಲಿ, ಏಸಿ, ಹೂಕುಂಡ — ಜಗತ್ತಿನ ಯಾವ ಮೂಲೆಯಲ್ಲಿ ಹುಡುಕಿದರೂ ಸಾಮಾನ್ಯವಾಗಿ ಮೊದಲು ಸಿಗುವುದು ಟಿ4. ಕಣ್ಣಿನ ಸೋಂಕುಗಳಲ್ಲೂ ಬಹುಪಾಲು ಟಿ4. ಟಿ3, ಟಿ5, ಟಿ11 ಅದರ ಹಿಂದೆ ಬಹಳ ದೂರದಲ್ಲಿ. ಇದಕ್ಕೆ ಎರಡು ವಿವರಣೆಗಳಿವೆ. ಒಂದು, ಹೊರಗೆ ಜಾಸ್ತಿ ಇರುವುದು ಒಳಗೂ ಜಾಸ್ತಿ ಬರುತ್ತದೆ, ಅಷ್ಟೇ. ಇನ್ನೊಂದು, ಟಿ4ಗೆ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಅಂಟಿಕೊಂಡು ಕೊರೆಯುವ ತಾಕತ್ತೇ ಹೆಚ್ಚು. ಅಕಾಂತಮೀಬಾದ ಮೈಮೇಲೆ ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿಯುವ ಒಂದು ಪ್ರೋಟೀನ್ ಇದೆ. ಕಾರ್ನಿಯಾದ ಕೋಶಗಳ ಮೇಲಿನ ಸಕ್ಕರೆಗೆ ಅದು ಕಚ್ಚಿಕೊಳ್ಳುವುದೇ ಸೋಂಕಿನ ಮೊದಲ ಹೆಜ್ಜೆ. ನನಗನ್ನಿಸುವುದು ಎರಡೂ ನಿಜ. ಹೊರಗಿನ ಸ್ಯಾಂಪಲ್‌ಗಳಲ್ಲಿ ಟಿ5 ಚೆನ್ನಾಗಿಯೇ ಸಿಗುತ್ತದೆ. ಆದರೆ ಅಷ್ಟು ಪ್ರಮಾಣದಲ್ಲಿ ಕಣ್ಣುಗಳಲ್ಲಿ ಸಿಗುವುದಿಲ್ಲ. ಬರೀ ಸಂಖ್ಯೆಯ ಆಟ ಆಗಿದ್ದರೆ ಹೀಗಾಗಬಾರದಿತ್ತು.

ನೀರಿನಲ್ಲಿ ಕಂಡದ್ದಕ್ಕೂ ರೋಗಿಯಲ್ಲಿ ಕಂಡದ್ದಕ್ಕೂ ನಡುವೆ ಹೀಗೆ ಕೆಲವು ಜರಡಿಗಳಿವೆ. ಒಂದು ಕಣ್ಣು. ಇನ್ನೊಂದು ನಮ್ಮ ಲ್ಯಾಬ್. ಇದರ ಬಗ್ಗೆ ಹೊರಗಿನವರಿಗೆ ಯಾರೂ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಟ್ಯಾಂಕಿನ ಒಂದು ಲೀಟರ್ ನೀರಿನಲ್ಲಿ ಒಂದೇ ಥರದ ಅಮೀಬಾ ಇರುವುದು ಅಪರೂಪ. ಟ್ಯಾಂಕಿನ ಗೋಡೆಯ ಲೋಳೆಯಲ್ಲಿ, ತಳದ ಕೆಸರಿನಲ್ಲಿ ಹಲವು ಥರ ಇರುತ್ತವೆ. ಎಲ್ಲವನ್ನೂ ಒಂದೇ ಪ್ಲೇಟಿಗೆ ಹಾಕಿದಾಗ ಬೇಗ ಬೆಳೆಯುವುದು ಪ್ಲೇಟನ್ನು ಆಳುತ್ತದೆ. ನಿಧಾನದವು ಸಿಸ್ಟ್ ಆಗಿ ಮೂಲೆ ಸೇರುತ್ತವೆ, ಇಲ್ಲವೇ ಕಾಣೆಯಾಗುತ್ತವೆ. ನಾವು ಅಂಚಿನಿಂದ ಒಂದು ಚೂರು ಅಗಾರ್ ಕತ್ತರಿಸಿ ಡಿಎನ್‌ಎ ತೆಗೆಯುತ್ತೇವೆ. ಅಂಚಿಗೆ ಮೊದಲು ಬಂದು ಮುಟ್ಟಿದ್ದು ಯಾರೋ, ರಿಪೋರ್ಟಿನಲ್ಲಿ ಹೆಸರು ಅವರದು. ಎರಡು ಥರ ಬೆರೆತಿದ್ದರೆ ಸೀಕ್ವೆನ್ಸಿಂಗ್ ಗ್ರಾಫಿನಲ್ಲಿ ಒಂದೇ ಜಾಗದಲ್ಲಿ ಎರಡು ಬಣ್ಣದ ಗೆರೆಗಳು ಒಂದರ ಮೇಲೊಂದು ಏಳುತ್ತವೆ. ಅದನ್ನು ನೋಡಿ ಮತ್ತೆ ಬೇರ್ಪಡಿಸಿ ಬೆಳೆಸಬೇಕು. ಅವಸರದ ಲ್ಯಾಬ್ ಎತ್ತರದ ಗೆರೆಯನ್ನು ಓದಿ ಮುಗಿಸುತ್ತದೆ.

ಈ ಜರಡಿಯಿಂದ ಪೂರ್ತಿ ತಪ್ಪಿಸಿಕೊಳ್ಳುವ ಒಂದು ಅಮೀಬಾ ಇದೆ: ಬಾಲಮುತಿಯಾ ಮ್ಯಾಂಡ್ರಿಲಾರಿಸ್. 1986ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದ ಮೃಗಾಲಯದಲ್ಲಿ ಸತ್ತ ಮ್ಯಾಂಡ್ರಿಲ್ ಎಂಬ ಕೋತಿಯ ಮೆದುಳಿನಲ್ಲಿ ಸಿಕ್ಕಿತು. 1993ರಲ್ಲಿ ಗೋವಿಂದ ವಿಶ್ವೇಶ್ವರ ಮತ್ತು ಜೊತೆಗಾರರು ಅದಕ್ಕೆ ಹೆಸರಿಟ್ಟರು. ಮನುಷ್ಯರ ಮೆದುಳಿಗೂ ಬರುತ್ತದೆ, ಬಂದರೆ ಹೆಚ್ಚಿನವರು ಉಳಿಯುವುದಿಲ್ಲ. ಅದು ಬ್ಯಾಕ್ಟೀರಿಯಾ ತಿನ್ನುವುದಿಲ್ಲ. ಬೇರೆ ಅಮೀಬಾಗಳನ್ನು, ಪ್ರಾಣಿಗಳ ಕೋಶಗಳನ್ನು ತಿನ್ನುತ್ತದೆ. ನಾನು ಮೇಲೆ ಹೇಳಿದ ಈ. ಕೋಲೈ ಪ್ಲೇಟಿನಲ್ಲಿ ಹಾಕಿದರೆ ಅದು ಬೆಳೆಯುವುದೇ ಇಲ್ಲ. ಮಣ್ಣಿನಲ್ಲಿ ಅದನ್ನು ಪತ್ತೆ ಹಚ್ಚಿದ ವರದಿಗಳು ಇಷ್ಟು ಕಡಿಮೆ ಇರುವುದಕ್ಕೆ ಅದೂ ಒಂದು ಕಾರಣ. ಸಿಕ್ಕಷ್ಟು ಸಂಗ್ರಹಗಳಲ್ಲಿ ಒಂದಕ್ಕೊಂದು ವ್ಯತ್ಯಾಸವೂ ಬಹಳ ಕಡಿಮೆ, ಎಲ್ಲ ಸೇರಿ ಒಂದೇ ಜೀನೋಟೈಪ್ ಅನ್ನಬಹುದು. ಅಕಾಂತಮೀಬಾದ ವೈವಿಧ್ಯದ ಪಕ್ಕದಲ್ಲಿ ಇದನ್ನಿಟ್ಟರೆ ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಇದಕ್ಕೆ ಪ್ರಾಣಿಯ ಸ್ವಭಾವವೂ ಕಾರಣ ಇರಬಹುದು, ನಾವು ಹುಡುಕುವ ರೀತಿಯೂ ಇರಬಹುದು.

ಸರಿ, ಮೂಲ ಪತ್ತೆ ಮಾಡಲು ಸಾಧ್ಯವೇ ಇಲ್ವಾ? ಇದೆ. ಇಂಗ್ಲೆಂಡಿನಲ್ಲಿ ಮಾಡಿದ್ದಾರೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಕಾಂತಮೀಬಾ ಕಣ್ಣಿನ ಸೋಂಕು ಬಂದ 27 ರೋಗಿಗಳ ಮನೆಯ ನಲ್ಲಿ ನೀರು ತೆಗೆದು ನೋಡಿದರು. 24 ಮನೆಗಳಲ್ಲಿ ಒಂದಲ್ಲ ಒಂದು ಅಮೀಬಾ ಇತ್ತು. 8 ಮನೆಗಳಲ್ಲಿ ಅಕಾಂತಮೀಬಾ ಇತ್ತು. ಅವರು ಟಿ ನಂಬರಿಗೆ ನಿಲ್ಲಲಿಲ್ಲ. ಮೈಟೋಕಾಂಡ್ರಿಯಾದ ಡಿಎನ್‌ಎಯನ್ನು ಹೋಲಿಸಿದರು. ಅದು 18ಎಸ್‌ಗಿಂತ ಬೇಗ ಬದಲಾಗುತ್ತದೆ, ಹಾಗಾಗಿ ಹತ್ತಿರದವರನ್ನೂ ಬೇರೆ ಮಾಡಿ ತೋರಿಸುತ್ತದೆ. ಆಗ 6 ಮನೆಗಳಲ್ಲಿ ನಲ್ಲಿಯ ಅಮೀಬಾ, ಕಣ್ಣಿನ ಅಮೀಬಾ ಎರಡೂ ಹೊಂದಿಕೊಂಡವು. ನಮಗೆ ಇದರಲ್ಲಿ ಕುತೂಹಲದ ಸಂಗತಿ ಇನ್ನೊಂದಿದೆ. ಇಂಗ್ಲೆಂಡಿನ ಎಷ್ಟೋ ಹಳೇ ಮನೆಗಳಲ್ಲಿ ನೀರು ಮೊದಲು ಅಟ್ಟದ ಮೇಲಿನ ಟ್ಯಾಂಕಿಗೆ ಹೋಗಿ, ಅಲ್ಲಿಂದ ಬಾತ್‌ರೂಮಿನ ನಲ್ಲಿಗೆ ಇಳಿಯುತ್ತದೆ. ಬೆಂಗಳೂರಿನ ಮನೆಗಳ ಥರವೇ.

ಆದ್ದರಿಂದ ನಿಮ್ಮ ಅನುಮಾನ ದಡ್ಡತನದ್ದಲ್ಲ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಹಾದಿ ಬರುವ ಕಾವೇರಿ ನೀರಿಗೆ ಕ್ಲೋರಿನ್ ಹಾಕಿಯೇ ಕಳಿಸುತ್ತಾರೆ. ಆದರೆ ಅದು ನಿಮ್ಮ ಸಂಪಿಗೆ ಬೀಳುತ್ತದೆ. ಅಲ್ಲಿ ಬೋರ್‌ವೆಲ್ ನೀರಿನ ಜೊತೆ, ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಜೊತೆ ಬೆರೆಯುತ್ತದೆ. ಆಮೇಲೆ ಮೇಲಿನ ಟ್ಯಾಂಕಿಗೆ ಏರಿ ಬಿಸಿಲಲ್ಲಿ ಕೂರುತ್ತದೆ. ಮೇಲೆ ಹೋಗುವಷ್ಟರಲ್ಲಿ ಕ್ಲೋರಿನ್ ಉಳಿದಿರುವುದು ಅಷ್ಟಕ್ಕಷ್ಟೇ. ಉಳಿದಿದ್ದರೂ ಅಕಾಂತಮೀಬಾದ ಸಿಸ್ಟ್ ಅದಕ್ಕೆ ಕ್ಯಾರೇ ಅನ್ನುವುದಿಲ್ಲ. ಒಣಗಿಹೋದ ಪ್ಲೇಟಿನಲ್ಲಿ 20 ವರ್ಷಕ್ಕೂ ಹೆಚ್ಚು ಕಾಲ ಇದ್ದ ಸಿಸ್ಟ್‌ಗಳು ಮತ್ತೆ ಜೀವ ತಳೆದದ್ದು 2008ರಲ್ಲಿ ವರದಿಯಾಗಿದೆ.

ಈಗ ನಿಮಗೆ ನಿಜವಾಗಲೂ ಮೂಲ ಗೊತ್ತಾಗಬೇಕು ಅಂತಿದ್ದರೆ ಏನು ಮಾಡಬೇಕು, ಹೇಳುತ್ತೇನೆ. ಟ್ಯಾಂಕಿನ ನೀರು ಒಂದೇ ಸಾಲದು. ಟ್ಯಾಂಕಿನ ಗೋಡೆಯ ಲೋಳೆ, ಸಂಪು, ಮಗಳು ಲೆನ್ಸ್ ತೊಳೆಯುತ್ತಿದ್ದ ಬೇಸಿನ್ನಿನ ನಲ್ಲಿಯ ಬಾಯಿ, ಎಲ್ಲದರಿಂದಲೂ ಹತ್ತಿಯ ಕಡ್ಡಿಯಲ್ಲಿ ಸ್ವಾಬ್ ಬೇಕು. ಎಲ್ಲಕ್ಕಿಂತ ಮುಖ್ಯ, ಆಗ ಬಳಸುತ್ತಿದ್ದ ಲೆನ್ಸ್ ಡಬ್ಬಿ ಇನ್ನೂ ಇದೆಯಾ? ಇದ್ದರೆ ಅದನ್ನು ತೊಳೆಯದೆ ಕೊಡಿ. ಟ್ಯಾಂಕಿನಿಂದ ಕಣ್ಣಿಗೆ ಬರಲು ನಡುವೆ ಒಂದು ದಾರಿ ಬೇಕಲ್ಲ. ಹೆಚ್ಚಾಗಿ ಅದು ಆ ಡಬ್ಬಿಯೇ. ಪ್ರತಿ ಜಾಗದಿಂದಲೂ ಒಂದಲ್ಲ, ಹಲವು ಅಮೀಬಾಗಳನ್ನು ಬೇರ್ಪಡಿಸಿ ಬೆಳೆಸಬೇಕು. ಎಲ್ಲದರ ಪೂರ್ತಿ 18ಎಸ್, ಜೊತೆಗೆ ಮೈಟೋಕಾಂಡ್ರಿಯಾದ ಕಾಕ್ಸ್1 ಜೀನ್ ಓದಬೇಕು. ಹಣ ಇದ್ದರೆ ಪೂರ್ತಿ ಜೀನೋಮ್.

ಜೊತೆಗೆ ಪಕ್ಕದ ಅಪಾರ್ಟ್‌ಮೆಂಟಿನ ಟ್ಯಾಂಕಿನಿಂದಲೂ, ಎರಡು ರಸ್ತೆ ಆಚೆಯ ಟ್ಯಾಂಕಿನಿಂದಲೂ ಸ್ಯಾಂಪಲ್ ಬೇಕು. ಇದನ್ನು ಯಾರೂ ಕೇಳುವುದಿಲ್ಲ. ಆದರೆ ಇದಿಲ್ಲದೆ ಹೋಲಿಕೆಗೆ ಬೆಲೆ ಇಲ್ಲ. ಅದೇ ಸೀಕ್ವೆನ್ಸ್ ಬನಶಂಕರಿಯ ಟ್ಯಾಂಕುಗಳಲ್ಲೆಲ್ಲ ಸಿಕ್ಕರೆ, ನಿಮ್ಮ ಟ್ಯಾಂಕಿನಲ್ಲಿ ಸಿಕ್ಕಿದ್ದಕ್ಕೆ ಏನು ಅರ್ಥ?

ಉತ್ತರ ಬಂದಾಗ ಓದುವುದೂ ಹುಷಾರಿನಿಂದ. ಡಬ್ಬಿಯ ಅಮೀಬಾ, ನಿಮ್ಮ ನಲ್ಲಿಯ ಅಮೀಬಾ, ಕಣ್ಣಿನ ಅಮೀಬಾ ಮೂರೂ ಒಂದೇ, ಅಕ್ಕಪಕ್ಕದಲ್ಲಿ ಅದು ಇಲ್ಲ ಅಂತಾದರೆ ನಾನೂ ನಿಮ್ಮ ಪರ ಮಾತಾಡುತ್ತೇನೆ. ಹೊಂದಿಕೆ ಆಗಲಿಲ್ಲ ಅಂದರೆ ಟ್ಯಾಂಕ್ ನಿರಪರಾಧಿ ಅಂತಲೂ ಅಲ್ಲ. ಟ್ಯಾಂಕಿನಲ್ಲಿದ್ದ ಹತ್ತರಲ್ಲಿ ನಾವು ಹಿಡಿದದ್ದು ಬೇರೆಯದನ್ನೇ ಇರಬಹುದು. ಸೋಂಕಾಗಿ ತಿಂಗಳುಗಳ ನಂತರ ನೀರು ತೆಗೆದಿದ್ದರೆ ಈ ಅನುಮಾನ ಇನ್ನೂ ಜಾಸ್ತಿ.

ಇಷ್ಟೆಲ್ಲ ಮಾಡಿದರೆ ಮಗಳ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತದಾ ಅಂತ ಕೇಳಿದರೆ, ಇಲ್ಲ. ಟಿ4 ಆಗಲಿ ಟಿ11 ಆಗಲಿ, ಡಾಕ್ಟರ್ ಹಾಕುವುದು ಪಿಎಚ್‌ಎಂಬಿ ಅಥವಾ ಕ್ಲೋರ್‌ಹೆಕ್ಸಿಡಿನ್ ಹನಿಗಳನ್ನೇ, ಅದೂ ತಿಂಗಳುಗಟ್ಟಲೆ. ಕಣ್ಣು ತಿಳಿಯಾದ ಹಾಗೆ ಕಂಡರೂ ಹನಿ ನಿಲ್ಲಿಸಬಾರದು. ಕಾರ್ನಿಯಾದ ಒಳಗೆ ಉಳಿದ ಒಂದೆರಡು ಸಿಸ್ಟ್ ಸಾಕು, ಮತ್ತೆ ಶುರುವಾಗಲು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಯಂತೂ ಮುಟ್ಟಲೇಬೇಡಿ. ಚಿಕಿತ್ಸೆ ಮಾಡುವ ಡಾಕ್ಟರ್ ತಾವೇ ಒಂದು ಹಂತದಲ್ಲಿ ಬರೆದರೆ ಅದು ಬೇರೆ ಮಾತು.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ನಿಮ್ಮ ಮಗಳಂತೆ ಲೆನ್ಸ್ ಬಳಸುವವರಲ್ಲಿ ಇದು ಜಾಸ್ತಿ ಅಂತ ಇಂಟರ್‌ನೆಟ್ಟಿನಲ್ಲೆಲ್ಲ ಬರೆದಿರುತ್ತದೆ. ಅದು ಪಶ್ಚಿಮದ ದೇಶಗಳ ಕತೆ. ನಮ್ಮಲ್ಲಿ ಈ ಸೋಂಕು ಬರುವವರಲ್ಲಿ ಹೆಚ್ಚಿನವರು ಲೆನ್ಸನ್ನೇ ಕಂಡವರಲ್ಲ. ಗದ್ದೆಯಲ್ಲಿ ಕಣ್ಣಿಗೆ ಪೈರಿನ ಗರಿ ತಾಗಿದವರು, ಮಣ್ಣು ಹಾರಿದವರು, ಉರಿ ತಡೆಯದೆ ಅಲ್ಲೇ ಕಾಲುವೆ ನೀರಿನಲ್ಲಿ ಕಣ್ಣು ತೊಳೆದವರು. ಇವರ ಕಣ್ಣಲ್ಲೂ ಸಿಗುವುದು ಹೆಚ್ಚಾಗಿ ಟಿ4ಯೇ. ಮಂಡ್ಯದ ಗದ್ದೆಯ ಟಿ4, ನಿಮ್ಮ ಟ್ಯಾಂಕಿನ ಟಿ4, ಲಂಡನ್ನಿನ ನಲ್ಲಿಯ ಟಿ4. ಈ ನಂಬರಿನಿಂದ ಜಾಗ ಹೇಳಲು ಆಗುವುದಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ನೇಗ್ಲೇರಿಯಾ. ನಿಮಗೆ ನಿದ್ದೆ ಕೆಡಿಸಿದ್ದು ಇದೇ ಅಂತ ಗೊತ್ತು.

ರಿಪೋರ್ಟಿನಲ್ಲಿ ‘ನೇಗ್ಲೇರಿಯಾ ಎಸ್‌ಪಿ’ ಅಂತಿದೆ. ಆ ‘ಎಸ್‌ಪಿ’ ಅಂದರೆ ಪ್ರಭೇದ ಯಾವುದು ಅಂತ ಗುರುತಿಸಿಲ್ಲ. ನೇಗ್ಲೇರಿಯಾದಲ್ಲಿ 40ಕ್ಕೂ ಹೆಚ್ಚು ಪ್ರಭೇದಗಳಿವೆ. ಮನುಷ್ಯರಿಗೆ ಮೆದುಳಿನ ಕಾಯಿಲೆ ತರುವುದು ಒಂದೇ ಒಂದು: ನೇಗ್ಲೇರಿಯಾ ಫೌಲರಿ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 1965ರಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದ ಫೌಲರ್ ಎಂಬ ಡಾಕ್ಟರ ಹೆಸರು ಅದಕ್ಕಿದೆ. ಉಳಿದವು ಕೆರೆ, ಮಣ್ಣು, ಪೈಪುಗಳಲ್ಲಿ ಬ್ಯಾಕ್ಟೀರಿಯಾ ತಿಂದುಕೊಂಡು ತಮ್ಮ ಪಾಡಿಗೆ ತಾವಿರುತ್ತವೆ. ‘ನೇಗ್ಲೇರಿಯಾ ಪತ್ತೆ’ ಅಂತ ಬರೆದು ಅಷ್ಟಕ್ಕೇ ರಿಪೋರ್ಟ್ ಕೊಟ್ಟು ಕಳಿಸುವುದು ನನ್ನ ಪ್ರಕಾರ ಬೇಜವಾಬ್ದಾರಿ ಕೆಲಸ. ಮನೆಯವರು ಗೂಗಲ್ ಮಾಡುತ್ತಾರೆ ಅಂತ ಲ್ಯಾಬಿಗೆ ಗೊತ್ತಿರಬೇಕು.

ಗುರುತಿಸುವುದು ಕಷ್ಟದ ಕೆಲಸವೂ ಅಲ್ಲ. ಫೌಲರಿ ಬಿಸಿ ಇಷ್ಟಪಡುತ್ತದೆ, 45 ಡಿಗ್ರಿವರೆಗೂ ಬೆಳೆಯುತ್ತದೆ. ಪ್ಲೇಟನ್ನು 44 ಡಿಗ್ರಿಯಲ್ಲಿಟ್ಟರೆ ಬಹಳಷ್ಟು ಬೇರೆ ಅಮೀಬಾಗಳು ಅಲ್ಲಿಗೇ ಸೋಲುತ್ತವೆ. ಏನೂ ಬೆಳೆಯದಿದ್ದರೆ ಫೌಲರಿ ಇರುವ ಸಂಭವ ಬಹಳ ಕಡಿಮೆ. ಬೆಳೆದರೆ ಮಾತ್ರ ಮುಂದಿನ ಕೆಲಸ. ಯಾಕೆಂದರೆ ಲೊವಾನಿಯೆನ್ಸಿಸ್ ಎನ್ನುವ ಅದರ ಹತ್ತಿರದ ನೆಂಟನೂ ಆ ಬಿಸಿಯಲ್ಲಿ ಬೆಳೆಯುತ್ತದೆ. ನೋಡಲು ಇಬ್ಬರೂ ಒಂದೇ. ಅದರಿಂದ ಅಪಾಯವಿಲ್ಲ. ಬೇರೆ ಮಾಡಲು ಐಟಿಎಸ್ ಎಂಬ ಡಿಎನ್‌ಎ ತುಂಡನ್ನು ಓದಬೇಕು. ನೇಗ್ಲೇರಿಯಾದಲ್ಲಿ 18ಎಸ್‌ಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಫೌಲರಿಯ ಒಳಗಿನ ಜೀನೋಟೈಪ್‌ಗಳನ್ನು ಬೇರ್ಪಡಿಸುವುದೂ ಇದೇ ತುಂಡಿನ ಉದ್ದದಲ್ಲಿರುವ ವ್ಯತ್ಯಾಸದಿಂದ. ಅಲ್ಲಿರುವುದು ಬೆರಳೆಣಿಕೆಯಷ್ಟು ಜೀನೋಟೈಪ್ ಮಾತ್ರ. ಇಂಥ ಜೀನೋಟೈಪ್ ಸಾಧು, ಇಂಥದ್ದು ಕ್ರೂರ ಅಂತ ಭೇದ ಮಾಡಲು ಬರುವುದಿಲ್ಲ.

ಭಯ ಸುಮ್ನೆ ಅಂತ ನಾನು ಹೇಳುತ್ತಿಲ್ಲ. ಕಾಯಿಲೆ ಬಂದರೆ ಭೀಕರ. ಅಮೆರಿಕದಲ್ಲಿ 1962ರಿಂದ 2023ರವರೆಗೆ ಗೊತ್ತಾದ 164 ರೋಗಿಗಳಲ್ಲಿ ಬದುಕಿದವರು ನಾಲ್ಕೇ ಜನ. ಆದರೆ 60 ವರ್ಷದಲ್ಲಿ 164 ಅನ್ನುವುದನ್ನೂ ಗಮನಿಸಿ. ಕೇರಳದಲ್ಲಿ 2024, 2025ರಲ್ಲಿ ಕೇಸುಗಳು ಒಮ್ಮೆಲೇ ಹೆಚ್ಚಾದವು. ಎಲ್ಲವೂ ಫೌಲರಿ ಅಲ್ಲ, ಅಕಾಂತಮೀಬಾದಿಂದ ಆದವೂ ಅದರಲ್ಲಿವೆ. ಟಿವಿಯಲ್ಲಿ ಎಲ್ಲಕ್ಕೂ ‘ಮೆದುಳು ತಿನ್ನುವ ಅಮೀಬಾ’ ಅಂತ ಒಂದೇ ಹೆಸರು ಹಾಕಿ ಕೆಂಪು ಅಕ್ಷರದಲ್ಲಿ ಓಡಿಸಿದರು. ಅಲ್ಲಿ ಟೆಸ್ಟ್ ಮಾಡುವುದು ಹೆಚ್ಚಾಗಿದ್ದರಿಂದಲೂ ಕೇಸುಗಳು ಹೆಚ್ಚು ಬೆಳಕಿಗೆ ಬಂದಿವೆ. ಹುಡುಕದ ಕಡೆ ಸಿಗುವುದಿಲ್ಲ, ಅಷ್ಟೇ ವಿಷಯ. ಬೇರೆ ರಾಜ್ಯದಲ್ಲಿ ಕಾರಣ ಗೊತ್ತಾಗದ ಮೆದುಳು ಜ್ವರ ಅಂತ ಬರೆದು ಮುಗಿಸಿದ ಫೈಲುಗಳಲ್ಲಿ ಏನೇನಿದೆಯೋ.

ನೀರು ಕುಡಿಯುವುದರಿಂದ ಫೌಲರಿ ಕಾಯಿಲೆ ಬರುವುದಿಲ್ಲ. ನೀರು ಮೂಗಿನ ಮೇಲುಭಾಗಕ್ಕೆ ಹೋಗಬೇಕು. ಅಲ್ಲಿಂದ ವಾಸನೆಯ ನರ ಹಿಡಿದು ಮೆದುಳಿಗೆ ಏರುತ್ತದೆ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಇಬ್ಬರು ಸತ್ತದ್ದು ನಲ್ಲಿ ನೀರಿನಲ್ಲಿ ಜಲನೇತಿ ಮಾಡಿಕೊಂಡು. 2025ರ ನವೆಂಬರಿನಲ್ಲಿ ಶಬರಿಮಲೆಗೆ ಹೊರಟವರಿಗೆ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಿ ಅಂತ ಸೂಚನೆ ಕೊಟ್ಟದ್ದೂ ಇದಕ್ಕೇ. ನಿಮ್ಮ ಮನೆಯಲ್ಲಿ ಯಾರಾದರೂ ಜಲನೇತಿ ಮಾಡುತ್ತಿದ್ದರೆ ಕುದಿಸಿ ಆರಿಸಿದ ನೀರು ಬಳಸಲಿ. ಮಕ್ಕಳು ಪೈಪ್ ಹಿಡಿದು ಮುಖಕ್ಕೆ ನೀರು ಹಾರಿಸಿಕೊಳ್ಳುವ ಆಟ ಬೇಡ. ಸ್ನಾನಕ್ಕೆ, ಪಾತ್ರೆಗೆ, ಬಟ್ಟೆಗೆ ಅಡ್ಡಿಯಿಲ್ಲ. ಅಕಾಂತಮೀಬಾಕ್ಕೆ ಹೋಲಿಸಿದರೆ ನೇಗ್ಲೇರಿಯಾ ಕ್ಲೋರಿನ್ನಿಗೆ ಬೇಗ ಸಾಯುತ್ತದೆ, ಅದೊಂದು ಸಮಾಧಾನ. ಟ್ಯಾಂಕ್ ಖಾಲಿ ಮಾಡಿಸಿ, ಗೋಡೆಯ ಲೋಳೆಯನ್ನು ಬ್ರಷ್ ಹಾಕಿ ಉಜ್ಜಿಸಿ, ಬ್ಲೀಚಿಂಗ್ ಪೌಡರಿನಿಂದ ತೊಳೆಸಿ. ಲೋಳೆ ತೆಗೆಯದೆ ಬರೀ ಪೌಡರ್ ಸುರಿದರೆ ದುಡ್ಡು ದಂಡ. ಟ್ಯಾಂಕ್ ಮುಚ್ಚಳ ಸರಿಯಾಗಿ ಕೂರುತ್ತದಾ ನೋಡಿ. ನಾನು ನೋಡಿದ ಟ್ಯಾಂಕುಗಳಲ್ಲಿ ಮುಚ್ಚಳ ಇದ್ದರೂ ಅರ್ಧ ತೆರೆದು ಮೇಲೆ ಕಲ್ಲಿಟ್ಟಿರುತ್ತಾರೆ.

ಆದರೆ ಟ್ಯಾಂಕ್ ತೊಳೆಸಿದ ಮೇಲೂ ಅಕಾಂತಮೀಬಾ ವಾಪಸ್ ಬರುತ್ತದೆ. ಆದ್ದರಿಂದ ಮಗಳ ಮಟ್ಟಿಗೆ ನಿಜವಾದ ರಕ್ಷಣೆ ಲೆನ್ಸ್ ಬಳಸುವ ರೀತಿಯಲ್ಲೇ ಇದೆ. ಮತ್ತೆ ಲೆನ್ಸ್ ಹಾಕಬಹುದಾ ಅನ್ನುವುದನ್ನು ಕಣ್ಣಿನ ಡಾಕ್ಟರ್ ಹೇಳಲಿ. ಹಾಕುವ ದಿನ ಬಂದರೆ ಲೆನ್ಸಿಗಾಗಲಿ ಡಬ್ಬಿಗಾಗಲಿ ನಲ್ಲಿ ನೀರು ತಾಗಿಸಬಾರದು. ಆರ್‌ಒ ನೀರೂ ಬೇಡ, ಅದರ ಸ್ಟೋರೇಜಿನಲ್ಲೂ ಲೋಳೆ ಕಟ್ಟುತ್ತದೆ. ಕೈ ತೊಳೆದ ಮೇಲೆ ಪೂರ್ತಿ ಒರೆಸಿಕೊಳ್ಳಬೇಕು. ಲೆನ್ಸ್ ಹಾಕಿಕೊಂಡು ಸ್ನಾನ, ಈಜು ಬೇಡ. ನಿನ್ನೆಯ ಸಲ್ಯೂಷನ್ ಮೇಲೆ ಇವತ್ತಿನದನ್ನು ತುಂಬಿಸುವ ಅಭ್ಯಾಸ ಬಹಳ ಜನಕ್ಕಿದೆ, ಅದು ಹೋಗಬೇಕು. ದಿನಾ ಹೊಸದು ಹಾಕಿ ದಿನಾ ಬಿಸಾಡುವ ಲೆನ್ಸ್ ಆದರೆ ಡಬ್ಬಿಯ ತಕರಾರೇ ಇಲ್ಲ. ಖರ್ಚು ಜಾಸ್ತಿ, ಆದರೆ ಇಷ್ಟು ಅನುಭವಿಸಿದ ಮೇಲೆ ನಾನಾದರೆ ಅದನ್ನೇ ಆರಿಸುತ್ತೇನೆ.

ಅಸೋಸಿಯೇಷನ್ ಜೊತೆಗಿನ ಜಗಳಕ್ಕೆ ಬಂದರೆ, ‘ನಿಮ್ಮ ಟ್ಯಾಂಕಿನಿಂದಲೇ ಬಂತು’ ಅನ್ನುವ ವಾದವನ್ನು ಸದ್ಯಕ್ಕೆ ಬಿಡಿ. ಅದು ನಿಲ್ಲುವುದಿಲ್ಲ. ಟ್ಯಾಂಕಿನಲ್ಲಿ ಅಮೀಬಾ ಬೆಳೆಯುವಷ್ಟು ಲೋಳೆ ಇದೆ, ನಲ್ಲಿಯಲ್ಲಿ ಕ್ಲೋರಿನ್ ಉಳಿದಿಲ್ಲ ಅನ್ನುವುದನ್ನು ಹಿಡಿದುಕೊಳ್ಳಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಅದನ್ನು ಅಳೆಯುವ ಸಣ್ಣ ಕಿಟ್ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ಮೀಟಿಂಗಿಗೆ ಅದನ್ನೇ ತಗೊಂಡು ಹೋಗಿ, ಎಲ್ಲರ ಎದುರಿಗೇ ನಲ್ಲಿ ತಿರುಗಿಸಿ ಅಳೆಯಿರಿ.

ಅದಕ್ಕೂ ಮೊದಲು ಎರಡು ಲ್ಯಾಬಿಗೂ ಫೋನ್ ಮಾಡಿ. ಕಣ್ಣಿನಿಂದ ಬೆಳೆಸಿದ ಅಮೀಬಾವನ್ನು ಇಟ್ಟಿದ್ದಾರಾ, ಟ್ಯಾಂಕಿನ ಪ್ಲೇಟ್ ಇನ್ನೂ ಇದೆಯಾ ಕೇಳಿ. ಹಳೇ ಪ್ಲೇಟುಗಳನ್ನು ಕೆಲವು ವಾರಕ್ಕೆಲ್ಲ ಆಟೋಕ್ಲೇವ್ ಮಾಡಿ ಬಿಸಾಡುವುದು ಎಲ್ಲ ಕಡೆ ರೂಢಿ. ಬಿಸಾಡಬೇಡಿ ಅಂತ ಬರಹದಲ್ಲೇ ಕೇಳಿಕೊಳ್ಳಿ. ನೀರಿನ ಲ್ಯಾಬಿನವರಿಗೆ ಆ ನೇಗ್ಲೇರಿಯಾ 44 ಡಿಗ್ರಿಯಲ್ಲಿ ಬೆಳೆಯಿತಾ ಅಂತಲೂ ಒಂದು ಮಾತು ಕೇಳಿ. ಬೆಳೆದಿದ್ದರೆ ಐಟಿಎಸ್ ಓದಿಸದೆ ಬಿಡಬೇಡಿ.